ತ್ಸುಕುಬಾದ ಅಯಸ್ಕಾಂತದಲ್ಲಿ ಶಹಾಬಾದಿನ ಧೂಳು

ನರಿತಾ

ವಿಮಾನ ನಿಲ್ದಾಣದ ಕಸ್ಟಮ್ಸಿನ ಹೆಣ್ಣುಮಗಳೊಬ್ಬಳು ನನ್ನ ಕೈಚೀಲದಿಂದ ಪ್ಲಾಸ್ಟಿಕ್ ಪೆಟ್ಟಿಗೆಯನ್ನು ಎರಡೂ ಕೈಯಿಂದ ಎತ್ತಿ, ಹಾಲು ತುಂಬಿದ ಬಟ್ಟಲನ್ನು ಇಟ್ಟಂತೆ ಮೇಜಿನ ಮೇಲಿಟ್ಟಳು.

"ಇದರಲ್ಲೇನಿದೆ?"

"ಟ್ರಾನ್ಸಿಸ್ಟರುಗಳು. ಕೆಟ್ಟವು."

"ಕೆಟ್ಟದ್ದನ್ನು ಇಷ್ಟು ದೂರ ಯಾಕೆ ತಂದಿರಿ?"

"ಯಾಕೆ ಕೆಟ್ಟವು ಅಂತ ತಿಳಿಯಬೇಕಿದೆ."

ಅವಳು ತಲೆಯಾಡಿಸಿದಳು. ಈ ಉತ್ತರ ಅವಳಿಗೆ ಸರಿ ಅನಿಸಿರಬೇಕು, ಆ ಪೆಟ್ಟಿಗೆಯನ್ನು ಮತ್ತೆ ಮುಟ್ಟಲಿಲ್ಲ. ಆದರೆ ಕೆಳಗಿದ್ದ, ಒಣಗಿಸಿದ ಜೋಳದ ಕಟಕ ರೊಟ್ಟಿಯ ಕಟ್ಟು ಅವಳನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿತು. ಒಂದು ರೊಟ್ಟಿ ತೆಗೆದು ಬೆಳಕಿಗೆ ಹಿಡಿದಳು, ಬೆರಳಿನಿಂದ ತಟ್ಟಿದಳು. ತಿನ್ನುವ ಪದಾರ್ಥ ಎಂದು ನಂಬಿಸಲು ನಾನೇ ಒಂದು ಚೂರು ಮುರಿದು ತಿಂದು ತೋರಿಸಬೇಕಾಯಿತು. ಆ ಸದ್ದಿಗೆ ಪಕ್ಕದ ಸಾಲಿನವರೂ ತಿರುಗಿ ನೋಡಿದರು. ಖಾರದ ಚಟ್ನಿಪುಡಿ, ನಮ್ಮ ಶೇಂಗಾ ಹಿಂಡಿಯ ಡಬ್ಬಿ ಮೂಸಿದವಳು ಮೂರು ಸಲ ಸೀನಿ, ಮೂರು ಸಲ ಕ್ಷಮೆ ಕೇಳಿ, ನನ್ನನ್ನು ಬಿಟ್ಟಳು.

ಹೊರಡುವ ಮುನ್ನ: ಶಹಾಬಾದ, ಚಿತ್ತಾಪುರ

ನಾನು ಸೇಡಂನ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಮನೆ ಶಹಾಬಾದಿನಲ್ಲಿ. ದಿನಾಲೂ ರೈಲು, ವಾಡಿ ದಾಟಿ, ಚಿತ್ತಾಪುರ ದಾಟಿ ಹೋಗಬೇಕು. ಚಿತ್ತಾಪುರದಲ್ಲಿ ಬಸವರಾಜ ಇದ್ದಾನೆ. ನನ್ನ ಹಳೆಯ ವಿದ್ಯಾರ್ಥಿ. ಬಸ್ ನಿಲ್ದಾಣದ ಹಿಂದೆ ರಿಪೇರಿ ಅಂಗಡಿ ಇಟ್ಟುಕೊಂಡಿದ್ದಾನೆ. ಸೋಲಾರ್ ಪಂಪಿಗೆ ಕರೆಂಟನ್ನು ಹದಮಾಡಿ ಕಳಿಸುವ ಕಂಟ್ರೋಲರ್ ಡಬ್ಬಿಗಳೇ ಅವನ ಹೆಚ್ಚಿನ ಕೆಲಸ. ಚಿಂಚೋಳಿಯಿಂದ, ಅದರಾಚೆಯ ಚಂದ್ರಂಪಳ್ಳಿಯಿಂದಲೂ ಜನ ಡಬ್ಬಿ ಹೊತ್ತು ಅವನ ಹತ್ತಿರ ಬರುತ್ತಾರೆ.

ಎರಡು ಬೇಸಿಗೆಗಳಿಂದ ಒಂದೇ ಕಂಪನಿಯ ಡಬ್ಬಿಗಳು ಸಾಲುಸಾಲಾಗಿ ಕೆಡತೊಡಗಿದವು. ಬಿಚ್ಚಿ ನೋಡಿದರೆ ಪ್ರತಿ ಸಲವೂ ಅದೇ ಟ್ರಾನ್ಸಿಸ್ಟರು. ಹೊಸದು ಹಾಕಿದರೆ ಮೂರು ತಿಂಗಳಿಗೆ ಅದೂ ಸಾಯುತ್ತಿತ್ತು. ಕಂಪನಿಯವರು ಒಬ್ಬ ಇನ್‌ಸ್ಪೆಕ್ಟರನ್ನು ಕಳಿಸಿದರು. ಆತ ಅಂಗಡಿಯನ್ನು ಹತ್ತು ನಿಮಿಷ ನೋಡಿ, ಮೇಜಿನ ಮೇಲೆ ಬೆರಳೆಳೆದು, ರಿಪೇರಿ ಮಾಡುವಾಗ ಧೂಳು ಸೇರಿ ಕೆಟ್ಟಿದೆ, ಕಂಪನಿಯ ಹೊಣೆ ಇಲ್ಲ ಎಂದು ಬರೆದು ಹೋದ. ಆ ಚೀಟಿಯ ಸುದ್ದಿ ಊರೂರು ಹಬ್ಬಿತು. ಜನ ಅಂಗಡಿಗೇ ಬಂದು ಬೈಯತೊಡಗಿದರು.

ಒಂದು ಸಂಜೆ ಚಿತ್ತಾಪುರದಲ್ಲಿ ಇಳಿದು ಅವನನ್ನು ನೋಡಲು ಹೋದೆ.

"ಮೇಡಂರೀ, ನಾ ಇನ್ನ ಅಂಗಡಿ ಬಂದ್ ಮಾಡ್ತೀನಿ," ಎಂದ. "ಸಿಮೆಂಟ್ ಫ್ಯಾಕ್ಟರಿಯೊಳಗ ಕಾಂಟ್ರಾಕ್ಟ್ ಕೆಲಸ ಅದ ಅಂತ. ಹನ್ನೆರಡು ವರ್ಷ ಆತ್ರಿ, ಒಂದು ಸ್ಕ್ರೂ ಸುದ್ದಾ ಸಡಿಲ ಬಿಟ್ಟವನಲ್ಲ. ಈಗ ನನ್ನ ಕೈಯೇ ಹೊಲಸು ಅಂತಾರ."

"ಜರಾ ತಡಿ," ಎಂದೆ. "ಸತ್ತ ಮಾಲೆಲ್ಲಾ ನನಗ ಕೊಡು."

ಇಷ್ಟು ಹೇಳಿದ್ದು ಧೈರ್ಯದಿಂದಲ್ಲ, ಸಿಟ್ಟಿನಿಂದ. ಆ ಟ್ರಾನ್ಸಿಸ್ಟರು ಹುಟ್ಟುವಾಗಲೇ ರೋಗ ಹೊತ್ತು ಬಂದಿದೆ ಎಂದು ನನಗೆ ಗುಮಾನಿ ಇತ್ತು. ಆಮೇಲೆ ಒಂದು ದೊಡ್ಡ ಊರಿನ ವಿಜ್ಞಾನ ಸಭೆಯಲ್ಲಿ ಹಾಗೆಂದು ಹೇಳಿಯೂ ನೋಡಿದೆ. ಮುಂದಿನ ಸಾಲಿನ ಒಬ್ಬ ಮಹಾಶಯರು, "ನಿಮ್ಮ ಕಡೆ ಧೂಳು ಜಾಸ್ತಿಯಲ್ಲವೇ ಮೇಡಂ?" ಎಂದರು. ಸಭೆ ನಕ್ಕಿತು. ನಾನು ನಗಲಿಲ್ಲ. ಆ ವಾರವೇ ಜಪಾನಿನ ತ್ಸುಕುಬಾದಲ್ಲಿರುವ ಪ್ರೊಫೆಸರ್ ಮಿಯಾಕೆಯವರಿಗೆ ಪತ್ರ ಬರೆದೆ. ಟ್ರಾನ್ಸಿಸ್ಟರಿನ ಒಳಗಿನ ದೋಷವನ್ನು ಕಾಂತ ಅನುರಣನದಿಂದ ಹಿಡಿಯುವುದರಲ್ಲಿ ಅವರು ಪಳಗಿದವರು. ಐದು ತಿಂಗಳಿಗೆ ಉತ್ತರ ಬಂತು: ಬನ್ನಿ, ಯಂತ್ರ ಮೂರು ದಿನ ನಿಮ್ಮದು.

ಸತ್ತ ಮೂರು ಟ್ರಾನ್ಸಿಸ್ಟರುಗಳ ಕಪ್ಪು ಕವಚವನ್ನು ಕರಗಿಸಿ ತೆಗೆದು, ಒಳಗಿನ ಹರಳಿನ ತುಣುಕುಗಳನ್ನು, ಅಂದರೆ ಚಿಪ್ಪುಗಳನ್ನು, ನಾನೇ ಕಾಲೇಜಿನಲ್ಲಿ ತೊಳೆದು ಪೆಟ್ಟಿಗೆಯಲ್ಲಿ ಜೋಡಿಸಿದೆ. ಒಂದೊಂದೂ ಅಕ್ಕಿ ಕಾಳಿನಷ್ಟು. ಬೇರೆ ತಯಾರಿಕೆಯ ಒಂದು ಒಳ್ಳೆಯ ಟ್ರಾನ್ಸಿಸ್ಟರಿಗೂ ಹಾಗೇ ಮಾಡಿ ಜೊತೆಗಿಟ್ಟೆ. ಬಸವರಾಜ ಇನ್ನೂ ಒಂದನ್ನು ಕೊಟ್ಟಿದ್ದ: ಅದೇ ಕಂಪನಿಯ, ಅದೇ ಬ್ಯಾಚಿನ, ಕಂಪನಿಯ ಚೀಲದಿಂದ ಹೊರಗೇ ತೆಗೆಯದ ಹೊಚ್ಚ ಹೊಸದು. ಅದನ್ನು ಬಿಚ್ಚದೆ ಹಾಗೇ ಇಟ್ಟುಕೊಂಡೆ.

ಹೊರಡುವ ಬೆಳಿಗ್ಗೆ ನಮ್ಮ ಅತ್ತೆ ಪೆಟ್ಟಿಗೆಗೆ ಪೂಜೆ ಮಾಡಿದರು. ನಮ್ಮ ಮನೆಯಲ್ಲಿ ಹೊಸ ಮಿಕ್ಸಿಗೂ ಪೂಜೆ ಆಗುತ್ತದೆ. ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಎಲ್ಲ ಮುಗಿದು, ಮುಚ್ಚಳದ ಮೇಲೆ ಕುಂಕುಮ ಇತ್ತು. ವಾಡಿ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತ ಅದನ್ನು ಒರೆಸಿದೆ.

ತ್ಸುಕುಬಾ, ಒಂದನೆಯ ದಿನ

ತ್ಸುಕುಬಾಗೆ ಹೋಗುವ ರೈಲಿನಲ್ಲಿ ಚಾಲಕನ ಕೋಣೆಗೆ ಗಾಜು ಇದೆ, ಒಳಗೆ ನಡೆಯುವುದೆಲ್ಲ ಕಾಣುತ್ತದೆ. ಪ್ರತಿ ಸಿಗ್ನಲ್ ಬಂದಾಗಲೂ ಆತ ಬಿಳಿ ಕೈಗವಸಿನ ಬೆರಳು ಚಾಚಿ, ಗಟ್ಟಿಯಾಗಿ ಏನೋ ಹೇಳುತ್ತಿದ್ದ. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ವಾಡಿಯಲ್ಲಿ ಯಾರಾದರೂ ಹೀಗೆ ಒಬ್ಬರೇ ಮಾತಾಡಿದರೆ ಮನೆಯವರಿಗೆ ಹೇಳಿ ಕಳಿಸುತ್ತೇವೆ. ಬೋಗಿಯ ತುಂಬ ಜನ, ಆದರೆ ಮಾತಾಡುತ್ತಿದ್ದವನು ಚಾಲಕ ಒಬ್ಬನೇ.

ಪ್ರಯೋಗಾಲಯದ ತಂತ್ರಜ್ಞ ಓಗಾವಾ ಅವರದೂ ಅದೇ ಅಭ್ಯಾಸ. ನಿವೃತ್ತಿಗೆ ಹತ್ತಿರವಾದ, ತೆಳ್ಳಗಿನ ಮನುಷ್ಯ. ಅಯಸ್ಕಾಂತ ತಂಪಾಗಿಡುವ ನೀರಿನ ನಲ್ಲಿಗೆ ಬೆರಳು ತೋರಿಸಿ "ಯೋಶಿ!" ಎನ್ನುವರು. ಮೀಟರಿಗೆ ತೋರಿಸಿ "ಯೋಶಿ!" ಹಾಗೆಂದರೆ ಸರಿ ಇದೆ ಎಂದರ್ಥವಂತೆ. ಕಣ್ಣು ನೋಡಿದ್ದನ್ನು ಬೆರಳೂ ಬಾಯಿಯೂ ಒಪ್ಪಬೇಕು, ಆಗ ತಪ್ಪು ಕಡಿಮೆ ಎಂದು ವಿವರಿಸಿದರು. ಅಂದೇ ಮಧ್ಯಾಹ್ನ ನಾನು ಶೌಚಾಲಯದ ಒಳಗಷ್ಟೇ ಹಾಕಬೇಕಾದ ಚಪ್ಪಲಿಯಲ್ಲಿ ಸೀದಾ ಪ್ರಯೋಗಾಲಯಕ್ಕೆ ಬಂದುಬಿಟ್ಟೆ. ಓಗಾವಾ ನನ್ನ ಕಾಲಿನ ಕಡೆ ಬೆರಳು ಚಾಚಿದರು. ಯೋಶಿ ಎನ್ನಲಿಲ್ಲ.

ಯಂತ್ರದ ಕೆಲಸ ನನ್ನ ವಿದ್ಯಾರ್ಥಿಗಳಿಗೆ ಹೇಳುವಂತೆ ಹೇಳುತ್ತೇನೆ. ಒಳ್ಳೆಯ ಹರಳಿನಲ್ಲಿ ಎಲೆಕ್ಟ್ರಾನುಗಳು ಜೋಡಿಯಾಗಿ ಇರುತ್ತವೆ. ಎಲ್ಲಿ ಒಂದು ಪರಮಾಣು ತಪ್ಪಿದೆಯೋ, ಕೊಂಡಿ ಕಡಿದಿದೆಯೋ, ಅಲ್ಲಿ ಒಂದು ಎಲೆಕ್ಟ್ರಾನು ಒಂಟಿಯಾಗಿ ಉಳಿಯುತ್ತದೆ. ಒಂಟಿ ಎಲೆಕ್ಟ್ರಾನು ಅಂದರೆ ಒಂದು ಪುಟ್ಟ ಅಯಸ್ಕಾಂತ. ಅದನ್ನು ದೊಡ್ಡ ಅಯಸ್ಕಾಂತದ ನಡುವೆ ಇಟ್ಟು, ಮೈಕ್ರೋವೇವ್ ಅಲೆ ಬಿಟ್ಟು, ಅಯಸ್ಕಾಂತದ ಬಲವನ್ನು ಮೆಲ್ಲಗೆ ಏರಿಸುತ್ತಾರೆ. ತರಗತಿಯಲ್ಲಿ ಹಾಜರಿ ಕೂಗಿದಂತೆ ಇದು. ತನ್ನ ಹೆಸರು ಬಂದಾಗ ಮಾತ್ರ ಆ ಎಲೆಕ್ಟ್ರಾನು ಎದ್ದು ನಿಲ್ಲುತ್ತದೆ, ಪರದೆಯ ಮೇಲೆ ಒಂದು ಗೆರೆ ಏಳುತ್ತದೆ. ಯಾವ ಬಲದಲ್ಲಿ ಎದ್ದಿತು ಎಂಬುದರ ಮೇಲೆ ಅದು ಎಂಥ ದೋಷ ಎಂದು ಗೊತ್ತಾಗುತ್ತದೆ.

ನಾನು ಒಂದು ಗೆರೆಗೆ ಕಾಯುತ್ತಿದ್ದೆ. ಎದ್ದದ್ದು ಆರು. ಒಂದೇ ಎತ್ತರದ, ಒಂದೇ ಅಂತರದ ಆರು ಗೆರೆಗಳು ಪರದೆಯ ತುಂಬ ನಿಂತವು.

ಪ್ರೊಫೆಸರ್ ಮಿಯಾಕೆ ಕನ್ನಡಕ ಹಣೆಗೇರಿಸಿ ನೋಡಿದರು. "ಮ್ಯಾಂಗನೀಸ್," ಎಂದರು. "ಸುಣ್ಣದ ಕಲ್ಲಿನ ಧೂಳಿನಲ್ಲಿ ಹೀಗೆ ಬರುತ್ತದೆ. ನಿಮ್ಮ ಕಡೆ ಸುಣ್ಣದ ಕಲ್ಲು ಇದೆಯೇ?"

ಇದೆಯೇ ಅಂತ ಕೇಳುತ್ತಾರಲ್ಲ! ನಮ್ಮ ಕಾಲ ಕೆಳಗೆ ಅದು, ಮನೆಯ ಗೋಡೆ ಅದು, ಅಡುಗೆ ಕಟ್ಟೆ ಅದು. ಸೇಡಂನಿಂದ ವಾಡಿಯವರೆಗೆ ಸಿಮೆಂಟ್ ಫ್ಯಾಕ್ಟರಿಗಳು ಸುಡುವುದೂ ಅದನ್ನೇ. ದೇಶದ ಎಷ್ಟೋ ಮನೆಗಳ ನೆಲಕ್ಕೆ ಹಾಸಿದ್ದು ನಮ್ಮ ಶಹಾಬಾದಿನ ಪರ್ಸಿ ಕಲ್ಲು. ಆದರೆ ಅಂದು ಬಾಯಲ್ಲಿ ಬಂದದ್ದು "ಇದೆ" ಅನ್ನುವ ಒಂದೇ ಮಾತು.

"ರಿಪೇರಿ ಅಂಗಡಿಯಲ್ಲಿ ಸೇರಿರಬಹುದು," ಎಂದರು ಅವರು, ಬಹಳ ಮೃದುವಾಗಿ. "ಈ ಧೂಳು ನಮ್ಮ ಯಂತ್ರದೊಳಗೂ ಹತ್ತಬಹುದು. ಮುಂದುವರಿಸುವುದು ಸ್ವಲ್ಪ ಕಷ್ಟ."

ಜಪಾನಿನಲ್ಲಿ ಸ್ವಲ್ಪ ಕಷ್ಟ ಎಂದರೆ ಸಾಧ್ಯವಿಲ್ಲ ಎಂದರ್ಥ. ಅದನ್ನು ನನಗೆ ಹೊರಗೆ ಬಂದ ಮೇಲೆ ಓಗಾವಾ ತಿಳಿಸಿದರು. ಇನ್‌ಸ್ಪೆಕ್ಟರ್ ಬೆರಳೆಳೆದು ಹೇಳಿದ್ದನ್ನೇ ಈಗ ಇಷ್ಟು ದೊಡ್ಡ ಅಯಸ್ಕಾಂತವೂ ಹೇಳಿತ್ತು. ಬಸವರಾಜನ ಮುಂದೆ ಯಾವ ಮುಖ ಹೊತ್ತು ನಿಲ್ಲಲಿ ಎಂದುಕೊಳ್ಳುತ್ತ ಕೋಣೆಗೆ ಹೋದೆ.

ಎರಡನೆಯ ದಿನ, ಊಟದ ಹೊತ್ತು

ಬೆಳಗಾಗುವಷ್ಟರಲ್ಲಿ ಸಂಕಟ ಹೋಗಿ ಬುದ್ಧಿ ಬಂದಿತ್ತು. ಚಿಪ್ಪುಗಳು ಅಂಗಡಿಯಿಂದ ಬಂದ ಮೇಲೆ ಕವಚ ತೆಗೆದು ತೊಳೆದವಳು ನಾನೇ. ಅಂಗಡಿಯ ಧೂಳು ಆ ತೊಳೆತಕ್ಕೆ ಉಳಿಯುವ ಮಾತೇ ಇಲ್ಲ. ಹತ್ತಿದ್ದಾದರೆ ಆಮೇಲೆ ಹತ್ತಿರಬೇಕು. ಆಮೇಲೆ ಪೆಟ್ಟಿಗೆ ಇದ್ದದ್ದು ನಮ್ಮ ಮನೆಯಲ್ಲಿ.

ಇಲ್ಲಿ ಊಟದ ಹೊತ್ತಾದರೆ ನಮ್ಮಲ್ಲಿ ಬೆಳಗಿನ ಚಹಾದ ಹೊತ್ತು. ನಮ್ಮ ಅತ್ತೆಗೆ ಕಿವಿ ಮಂದ. ಅವರ ಜೊತೆ ಫೋನಿನಲ್ಲಿ ಮಾತಾಡಬೇಕೆಂದರೆ ಹೊಲದಾಚೆಯವರನ್ನು ಕೂಗಿದಂತೆ ಕೂಗಬೇಕು. ಕೆಮ್ಮು ಬಂದರೂ ಕ್ಷಮೆ ಕೇಳುವ ದೇಶದಲ್ಲಿ ನಾನು ಸೈಕಲ್ ನಿಲ್ಲಿಸುವ ಜಾಗಕ್ಕೆ ಹೋಗಿ ಕೂಗತೊಡಗಿದೆ.

"ಅತ್ತಿ, ಪೆಟ್ಟಿಗಿ ಮುಚ್ಚಳ ತಗದಿದ್ರೇನ್ರಿ?"

"ತಗದೆ. ಮುಚ್ಚಿಟ್ಟು ಪೂಜಿ ಮಾಡಿದ್ರ ದೇವ್ರಿಗೆ ಏನ್ ಕಾಣ್ತದ?"

"ಒಳಗಿನ ತುಕಡಿ ಮುಟ್ಟಿದ್ರೇನು?"

"ಒಂದೊಂದ ತಗದು ರಂಗೋಲಿ ಮ್ಯಾಲ ಇಟ್ಟು, ಕೈ ಮುಗದು, ಮತ್ತ ಹಂಗೇ ಜೋಡಿಸಿಟ್ಟೀನಿ. ಎಣಿಸಿ ನೋಡು, ಒಂದೂ ಕಳದಿಲ್ಲ."

"ರಂಗೋಲಿ ಪ್ಯಾಟಿದೋ, ಪರ್ಸಿ ಕಾರ್ಖಾನಿದೋ?"

"ಪ್ಯಾಟಿದು ಯಾಕ ಬೇಕು? ಕಾರ್ಖಾನಿ ಹಿಟ್ಟೇ. ಎರಡು ಸಲ ಜರಡಿ ಹಿಡದೀನಿ, ಮೈದಾ ಇದ್ದಂಗ ಅದ. ಯಾಕ, ಪೂಜಿ ಫಲಾ ಕೊಟ್ಟಿಲ್ಲೇನು?"

"ಕೊಟ್ಟದರಿ," ಎಂದು ಕೂಗಿದೆ. "ಭಾಳ ಕೊಟ್ಟದ."

ಕಲ್ಲು ಕೊಯ್ಯುವ ಯಂತ್ರದ ಕೆಳಗೆ ಬೀಳುವ ಹಿಟ್ಟನ್ನು ತಂದು ರಂಗೋಲಿ ಹಾಕುವುದು ನಮ್ಮ ಮನೆಯ ಹಳೆಯ ರೂಢಿ. ಅಷ್ಟು ನುಣುಪಾದ ಸುಣ್ಣಕಲ್ಲಿನ ಹಿಟ್ಟಿನ ಮೇಲೆ ನಾಲ್ಕೂ ಚಿಪ್ಪುಗಳನ್ನು ಕೂಡಿಸಿ ಎತ್ತಿದ್ದರು. ಫೋನ್ ಇಟ್ಟು ತಿರುಗಿದರೆ ಸೈಕಲ್ ತೆಗೆಯಲು ಬಂದ ಆರೇಳು ಜನ, ನನ್ನ ಮಾತು ಮುಗಿಯಲೆಂದು, ನೆಲ ನೋಡುತ್ತ ಸಾಲಾಗಿ ನಿಂತಿದ್ದರು.

ಎರಡನೆಯ ದಿನ, ಮಧ್ಯಾಹ್ನ

ಮೆಟ್ಟಿಲು ಹತ್ತುತ್ತ ಲೆಕ್ಕ ಹಾಕಿದೆ. ಸುಮ್ಮನಿದ್ದರೆ ನನ್ನ ಮಾನ ಉಳಿಯುತ್ತಿತ್ತು. ಧೂಳು ಅಂಗಡಿಯದು ಎಂದು ಪ್ರೊಫೆಸರ್ ತಾವೇ ಊಹಿಸಿಕೊಂಡಿದ್ದರು. ಭೌತಶಾಸ್ತ್ರದ ಅಧ್ಯಾಪಕಿ ತನ್ನ ಮಾದರಿಗಳನ್ನು ಅತ್ತೆಯ ರಂಗೋಲಿಯ ಮೇಲೆ ಬಿಟ್ಟು ಸ್ನಾನಕ್ಕೆ ಹೋಗಿದ್ದಳು ಎನ್ನುವುದು ಈ ದೇಶದಲ್ಲಿ ಯಾರಿಗೂ ಗೊತ್ತಾಗಬೇಕಿರಲಿಲ್ಲ. ಆದರೆ ನಾನು ಉಳಿಸಿಕೊಳ್ಳುವ ಮಾನ ಬಸವರಾಜನ ಲೆಕ್ಕದಿಂದ ಹೋಗುತ್ತಿತ್ತು. ಅವನ ಕೈ ಹೊಲಸು ಅನ್ನುವ ಮಾತಿಗೆ ಜಪಾನಿನ ಸಹಿಯೂ ಬೀಳುತ್ತಿತ್ತು.

ಹೇಳಿಬಿಟ್ಟೆ. ಪೂಜೆ, ಮುಚ್ಚಳ, ಹಿಟ್ಟು, ಎಲ್ಲ. ಅವರಿಗೆ ಅರ್ಥವಾಗಲೆಂದು ಬಿಳಿ ಹಲಗೆಯ ಮೇಲೆ ಐದು ಚುಕ್ಕಿಯ ರಂಗೋಲಿ ಬಿಡಿಸಿಯೂ ತೋರಿಸಿದೆ. ಒಂದು ಎಳೆ ಸೊಟ್ಟಗಾಯಿತು, ಒರೆಸಿ ತಿದ್ದಿದೆ.

ಓಗಾವಾ ನನ್ನನ್ನು ಯಂತ್ರದ ಹಿಂದಕ್ಕೆ ಬರುವಂತೆ ಕರೆದರು. ಅಲ್ಲಿ, ಅಯಸ್ಕಾಂತದ ಬೆನ್ನಿಗೆ, ಯಾರ ಕಣ್ಣಿಗೂ ಬೀಳದ ಎತ್ತರದಲ್ಲಿ ಒಂದು ಸಣ್ಣ ರೇಷ್ಮೆ ಚೀಲ ಅಂಟಿಸಿತ್ತು. ಅವರ ಊರಿನ ಗುಡಿಯಲ್ಲಿ ಕೊಡುವ ರಕ್ಷೆ ಅದು. ಯಂತ್ರ ಬಂದ ದಿನ ನಾನೇ ಅಂಟಿಸಿದ್ದು, ಪ್ರತಿ ಹೊಸ ವರ್ಷ ಬದಲಾಯಿಸುತ್ತೇನೆ ಎಂದರು. "ಚೀಲ ಬಿಚ್ಚುವುದಿಲ್ಲ," ಎಂದು ಸೇರಿಸಿದರು. "ಬಿಚ್ಚಿದರೆ ನಿಮ್ಮ ಅತ್ತೆಯವರು ಪೆಟ್ಟಿಗೆ ತೆಗೆದಾಗ ಆದದ್ದೇ ಆಗುತ್ತದೆ." ಪ್ರೊಫೆಸರ್ ಮಿಯಾಕೆ ನಗಲು ಶುರುಮಾಡಿದವರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವವರೆಗೂ ನಿಲ್ಲಿಸಲಿಲ್ಲ. ಹದಿನೈದು ವರ್ಷದಿಂದ ಅದೇ ಯಂತ್ರದ ಮುಂದೆ ಕೂತವರಿಗೆ ಆ ಚೀಲದ ವಿಷಯ ಗೊತ್ತಿರಲಿಲ್ಲವಂತೆ.

ನಾನು ಹೇಳಿದ್ದು ನಿಜವೇ ಎಂದು ನೋಡಬೇಕಲ್ಲ. ಪೆಟ್ಟಿಗೆಯ ಮೂಲೆಯಿಂದ ಚಿಟಿಕೆ ಹಿಟ್ಟು ಕೆರೆದು, ಗಾಜಿನ ಕೊಳವೆಯಲ್ಲಿ ಬಾಯಿ ಮುಚ್ಚಿ ಯಂತ್ರಕ್ಕಿಟ್ಟರು. ಆರು ಗೆರೆಗಳು ನಿನ್ನೆಗಿಂತ ಎತ್ತರವಾಗಿ ಎದ್ದು ನಿಂತವು.

"ಬಹಳ ಸುಂದರವಾದ ಕಲ್ಲು," ಎಂದರು ಪ್ರೊಫೆಸರ್. "ಪಾಠ ಮಾಡಲು ಇಟ್ಟುಕೊಳ್ಳಬಹುದೇ?"

ಹೆಮ್ಮೆ ಅನಿಸಿತು. ಮುಚ್ಚಿಟ್ಟುಕೊಳ್ಳುವ ಚಾಳಿ ನನಗಿಲ್ಲ, ಬಹಳ ಹೆಮ್ಮೆ ಅನಿಸಿತು. ಆ ಧೈರ್ಯದಲ್ಲೇ ಕೇಳಿದೆ: "ಚಿಪ್ಪುಗಳನ್ನು ತೊಳೆಯೋಣ. ಆಮೇಲೆ ಅಲೆಯನ್ನು ಅಳೆಯುವುದು ಬೇಡ, ಚಿಪ್ಪಿನೊಳಗೆ ಕರೆಂಟು ಹರಿಸಿ ಕರೆಂಟನ್ನೇ ಅಳೆಯೋಣ. ಧೂಳು ಹೊರಗೆ ಕೂತಿದೆ, ಕರೆಂಟಿನ ದಾರಿಯಲ್ಲಿ ಇಲ್ಲ. ದಾರಿಯಲ್ಲಿರುವ ದೋಷ ಮಾತ್ರ ಉತ್ತರ ಕೊಡುತ್ತದೆ. ನಿಮ್ಮದೇ ವಿಧಾನ."

ಅವರು ಓಗಾವಾ ಕಡೆ ನೋಡಿದರು. ಓಗಾವಾ ಆಗಲೇ ತೊಳೆಯುವ ಪಾತ್ರೆ ತೆಗೆದಿಟ್ಟಿದ್ದರು.

ಮೂರನೆಯ ದಿನ

ಕೂದಲಿಗಿಂತ ತೆಳುವಾದ ಚಿನ್ನದ ತಂತಿಗಳನ್ನು ಓಗಾವಾ ಒಂದೊಂದಾಗಿ ಬೆಸೆದರು. ಮೊದಲ ಸತ್ತ ಚಿಪ್ಪು ಅಯಸ್ಕಾಂತದ ನಡುವೆ ಹೋಯಿತು. ಕರೆಂಟಿನಲ್ಲಿ ಆಗುವ ಬದಲಾವಣೆ ಎಷ್ಟು ಸಣ್ಣದೆಂದರೆ ಒಂದು ಸಲಕ್ಕೆ ಏನೂ ಕಾಣುವುದಿಲ್ಲ. ಮತ್ತೆ ಮತ್ತೆ ಅಳೆದು ಒಟ್ಟುಗೂಡಿಸಬೇಕು. ಪರದೆಯ ಮೇಲೆ ಒಂದು ಗಂಟೆ ಬರೀ ಗದ್ದಲ. ಮೂವರೂ ಕಟಕ ರೊಟ್ಟಿ ಮುರಿದು ಶೇಂಗಾ ಹಿಂಡಿ ಹಚ್ಚಿಕೊಂಡು ತಿಂದೆವು. ನಿಶ್ಶಬ್ದವಾಗಿ ತಿನ್ನಲು ಓಗಾವಾ ಬಹಳ ಕಷ್ಟಪಟ್ಟರು.

ಆರು ಗೆರೆಗಳಿದ್ದ ಜಾಗದಲ್ಲಿ ಏನೂ ಇರಲಿಲ್ಲ. ನಡುವೆ ಒಂದೇ ಒಂದು ಸಣ್ಣ ಗೆರೆ ಗದ್ದಲದೊಳಗಿಂದ ಮೆಲ್ಲಗೆ ತಲೆ ಎತ್ತಿತು.

"ಆಕ್ಸೈಡ್ ಪದರ ಕೂಡುವ ಜಾಗ," ಎಂದರು ಪ್ರೊಫೆಸರ್. ಚಿಪ್ಪಿನ ಸಿಲಿಕಾನ್ ಕಾರ್ಬೈಡ್ ಹರಳಿನ ಮೇಲೆ ಆ ತೆಳು ಪದರವನ್ನು ಕಾರ್ಖಾನೆಯಲ್ಲಿ ಬೆಳೆಸುವಾಗಲೇ ಕೊಂಡಿಗಳು ಕಡಿದು ಉಳಿದಿದ್ದವು. ಬಿಸಿಲು ಏರಿ ಡಬ್ಬಿ ಕಾದಾಗ ಅಲ್ಲಿಂದಲೇ ಅದು ಸೋಲುತ್ತಿತ್ತು. ಉಳಿದ ಎರಡು ಸತ್ತ ಚಿಪ್ಪುಗಳಲ್ಲೂ ಅದೇ ಗೆರೆ ಬಂತು. ಬೇರೆ ತಯಾರಿಕೆಯ ಒಳ್ಳೆಯದರಲ್ಲಿ ಬರಲಿಲ್ಲ.

ಕೊನೆಗೆ ಬಸವರಾಜ ಕೊಟ್ಟ ಹೊಸದು. ಕಂಪನಿಯ ಚೀಲ ಹರಿದವರು ಓಗಾವಾ, ಕವಚ ತೆಗೆದವರೂ ಅವರೇ, ಅವರ ಸ್ವಚ್ಛ ಕೋಣೆಯಲ್ಲಿ. ಯಾವ ಹೊಲವನ್ನೂ ಯಾವ ಅಂಗಡಿಯನ್ನೂ ಕಾಣದ, ಒಂದು ದಿನವೂ ದುಡಿಯದ ಚಿಪ್ಪು ಅದು. ಅದರಲ್ಲಿ ಗೆರೆ ಇಲ್ಲದಿದ್ದರೆ ತಪ್ಪು ಹೊಲದ್ದೋ ಅಂಗಡಿಯದೋ ಎಂಬ ಮಾತು ಉಳಿಯುತ್ತಿತ್ತು. ನಾನು ಕುರ್ಚಿಯಿಂದ ಎದ್ದು ನಿಂತೇ ನೋಡಿದೆ.

ಗೆರೆ ಇತ್ತು. ಅದೇ ಜಾಗ, ಅದೇ ಆಕಾರ.

ಓಗಾವಾ ಪರದೆಯ ಕಡೆ ಬೆರಳು ಚಾಚಿ ನನ್ನನ್ನು ನೋಡಿದರು. ನಾನೂ ಬೆರಳು ಚಾಚಿದೆ. ನಮ್ಮ ಅತ್ತೆಯ ಕಿವಿಗೂ ಬೀಳುವಷ್ಟು ಗಟ್ಟಿಯಾಗಿ "ಯೋಶಿ!" ಎಂದೆ. ಪಕ್ಕದ ಕೋಣೆಯಿಂದ ಇಬ್ಬರು ಓಡಿ ಬಂದರು.

ವರದಿಗೆ ಪ್ರೊಫೆಸರ್ ಮಿಯಾಕೆ ಅಂದೇ ಸಹಿ ಹಾಕಿದರು. ನನ್ನ ಹೆಸರನ್ನು ಮೊದಲು ಬರೆದಿದ್ದರು. ತಿದ್ದಲು ಹೋದರೆ, "ಪ್ರಶ್ನೆ ನಿಮ್ಮದು," ಎಂದರು. ಮಾದರಿಗಳನ್ನು ಕೊಟ್ಟವರು ಎಂಬ ಕಡೆ ನಾನು ಬಸವರಾಜನ ಹೆಸರು, ಕೆಳಗೆ ಚಿತ್ತಾಪುರ ಎಂದು ಸೇರಿಸಿದೆ.

ಚಿತ್ತಾಪುರ

ವಾಪಸು ಬಂದು ವಾಡಿಯಲ್ಲಿ ಇಳಿದವಳು ಮನೆಗೆ ಹೋಗಲಿಲ್ಲ. ಸೇಡಂ ಕಡೆಯ ರೈಲು ಹಿಡಿದು ಚಿತ್ತಾಪುರಕ್ಕೇ ಹೋದೆ. ಅಂಗಡಿಯ ಬಾಗಿಲು ಅರ್ಧ ಎಳೆದಿತ್ತು. ಬಸವರಾಜ ಒಳಗೆ ಸಾಮಾನು ಕಟ್ಟುತ್ತಿದ್ದ. ಚಂದ್ರಂಪಳ್ಳಿಯ ಒಬ್ಬ ಹಿರಿಯರು ಕೆಟ್ಟ ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿ, ಬೈದು ಮುಗಿಸಿ, ದಮ್ಮು ತೆಗೆದುಕೊಳ್ಳುತ್ತಿದ್ದರು.

ನಾನು ವರದಿಯ ಹಾಳೆ ಮೇಜಿನ ಮೇಲೆ ಹರಡಿದೆ. ಐದು ಚಿತ್ರಗಳು. ನಾಲ್ಕರಲ್ಲಿ ಗೆರೆ, ಒಂದರಲ್ಲಿ ಇಲ್ಲ. ಬಸವರಾಜ ನನ್ನ ತರಗತಿಯಲ್ಲಿ ಹಿಂದಿನ ಬೆಂಚಿನವನಾದರೂ ಗ್ರಾಫು ಓದುವುದರಲ್ಲಿ ಚುರುಕು. ಕೊನೆಯ ಚಿತ್ರದ ಮೇಲೆ ಅವನ ಬೆರಳು ನಿಂತಿತು.

"ಇದು ನಾ ಕೊಟ್ಟ ಹೊಸದೇನ್ರಿ? ಚೀಲ ಹರೀದೇ ಇದ್ದದ್ದು?"

"ಅದೇ."

"ಅದರಾಗೂ ಅದೇನ್ರಿ?"

"ಅದರಾಗೂ ಅದ. ಹುಟ್ಟಿನಿಂದ ಬಂದದ್ದು."

ಅವನು ಮುಖ ಆಚೆ ತಿರುಗಿಸಿಕೊಂಡ. ಬಿಲ್ ಪುಸ್ತಕ ನನ್ನ ಮುಂದೆ ಸರಿಸಿ, "ಮೇಡಂರೀ, ಇದನ್ನ ಕನ್ನಡದಾಗ ಒಂದ್ ಮಾತು ಬರದು ಕೊಡ್ರಿ," ಎಂದ. ಅದರ ಹಿಂಬದಿಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದೆ: ದೋಷ ಟ್ರಾನ್ಸಿಸ್ಟರಿನ ಒಳಗೆ, ತಯಾರಾದಾಗಿನಿಂದಲೇ ಇದೆ. ರಿಪೇರಿಯವರ ತಪ್ಪಿಲ್ಲ. ಕೆಳಗೆ ಸಹಿ ಹಾಕಿದೆ.

ಹಿರಿಯರು ಆ ಪುಸ್ತಕವನ್ನು ಕೈಯಲ್ಲಿ ತೆಗೆದುಕೊಂಡು, ದೂರ ಹಿಡಿದು, ಒಂದೊಂದೇ ಅಕ್ಷರ ಕೂಡಿಸಿ ಓದಿದರು. ಓದಿ ಮುಗಿಸಿ ನನ್ನನ್ನು ನೋಡಿದರು, ಆಮೇಲೆ ಅವನನ್ನು.

"ಖರೇ ಏನಪಾ ಇದು?"

"ಖರೇ ಅದರಿ," ಎಂದ ಬಸವರಾಜ.

"ಹಂಗಾರ ಈಗ ಬೈದದ್ದು ವಾಪಸ್ ತಗೊಂಡೆ," ಎಂದರು ಹಿರಿಯರು. ಸ್ವಲ್ಪ ಯೋಚಿಸಿ, "ಹೋದ ತಿಂಗಳಾ ಬೈದದ್ದೂ ತಗೊಂಡೆ," ಎಂದು ಸೇರಿಸಿದರು.

ಬಸವರಾಜ ಅರ್ಧ ಎಳೆದಿದ್ದ ಬಾಗಿಲನ್ನು ಪೂರಾ ಮೇಲಕ್ಕೆತ್ತಿದ. ಸ್ಟೂಲು ಒರೆಸಿ ಅವರ ಮುಂದೆ ಇಟ್ಟ.

"ಕುಂದ್ರಿ ಕಾಕಾ. ಡಬ್ಬಿ ಬಿಚ್ಚತೀನಿ."